ಇಪ್ಪತ್ತೈದಕ್ಕೆ ಒಂದು ಪಾಲು ಎಣ್ಣೆ

ಮೊದಲ ಸಲ ದೋಣಿ ಹತ್ತಿದಾಗ ನನಗೆ ನಲವತ್ತೊಂದು ವರ್ಷ. ಮುಂಬೈಯಲ್ಲೇ ಹುಟ್ಟಿ ಬೆಳೆದವನು ಹೀಗೆಂದರೆ ಜನ ನಂಬುವುದಿಲ್ಲ. ಆದರೆ ಆಂಟಾಪ್ ಹಿಲ್‌ನ ಕಾಲೊನಿಯಲ್ಲಿದ್ದ ನಮಗೆ ಸಮುದ್ರವೆಂದರೆ ಊರಿಂದ ನೆಂಟರು ಬಂದಾಗ ಕರೆದುಕೊಂಡು ಹೋಗಿ ತೋರಿಸುವ ಒಂದು ಜಾಗ, ಅಷ್ಟೆ. ಅಪ್ಪ-ಅವ್ವ ವಿಜಯಪುರದ ಕಡೆಯವರು. ಅಪ್ಪ ಚೌಪಾಟಿಗೆ ಬಂದರೂ ಚಪ್ಪಲಿ ಬಿಡುತ್ತಿರಲಿಲ್ಲ. ಒಣ ಮರಳಿನ ಮೇಲೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ನೀರು ಎಲ್ಲಿವರೆಗೆ ಬರುತ್ತದೆ ಎಂದು ನೋಡುತ್ತಿದ್ದರು. ಆ ಹೆದರಿಕೆ ನನಗೂ ಬಂದಿತ್ತು. ನನಗೆ ಈಜು ಬರುವುದಿಲ್ಲ. ನೀರು ಸೊಂಟದ ಮೇಲಕ್ಕೆ ಬಂದರೆ ಉಸಿರು ಕಟ್ಟಿದಂತಾಗುತ್ತದೆ.

ಹಾಗಿದ್ದವನು ಸಮುದ್ರದ ನೀರು ಊರೊಳಗೆ ನುಗ್ಗಿ ಬರುವ ಖಾಡಿಯಲ್ಲಿ ದೋಣಿ ಹತ್ತಿ ಸುತ್ತುವ ಕೆಲಸಕ್ಕೆ ಸೇರಿದ್ದು ಬೇರೆ ದಾರಿ ಇಲ್ಲದೆ. ನಾನು ಹದಿನೈದು ವರ್ಷ ದುಡಿದ ಔಷಧ ಕಾರ್ಖಾನೆಯ ಲ್ಯಾಬ್ ಮುಚ್ಚಿಹೋಯಿತು. ಎಂಟು ತಿಂಗಳು ಮನೆಯಲ್ಲಿ ಕುಳಿತ ಮೇಲೆ, ಮುಲುಂಡಿನಲ್ಲಿ ನೀರು ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅದರ ಮ್ಯಾನೇಜರ್ ಮೈಸೂರಿನವರು. ಕನ್ನಡದವನು ಎಂಬ ಕಾರಣಕ್ಕೇ ನನ್ನನ್ನು ಕರೆದರು ಎಂದುಕೊಂಡಿದ್ದೇನೆ. "ತಿಂಗಳಿಗೆ ಎರಡು ಸಲ ಫೀಲ್ಡ್ ವರ್ಕ್ ಇರುತ್ತೆ, ಪರವಾಗಿಲ್ವಾ?" ಎಂದು ಕೇಳಿದರು. ಪರವಾಗಿಲ್ಲ ಎಂದೆ. ಫೀಲ್ಡ್ ಎಂದರೆ ಖಾಡಿಯ ನಡುನೀರು ಎಂದು ತಿಳಿದದ್ದು ಕೆಲಸಕ್ಕೆ ಸೇರಿದ ಹತ್ತನೇ ದಿನ.

ಹೆಂಡತಿಗೆ ದೋಣಿಯ ವಿಷಯ ಹೇಳಲಿಲ್ಲ. ನನಗಿಂತ ಹೆಚ್ಚು ಹೆದರುವವಳು ಅವಳು. "ಸೈಟಿಗೆ ಹೋಗಿ ನೀರಿನ ಸ್ಯಾಂಪಲ್ ತರಬೇಕು" ಎಂದಷ್ಟೇ ಹೇಳಿದ್ದೆ. ಸೈಟು ಎಂದರೆ ಯಾವುದೋ ಕಟ್ಟಡವಿರಬೇಕು ಎಂದು ಅವಳು ತಿಳಿದುಕೊಂಡಳು. ತಿದ್ದಲು ನಾನು ಹೋಗಲಿಲ್ಲ.

ಉಪ್ಪಿನ ಗದ್ದೆಗಳನ್ನು ದಾಟಿ ಹೋದರೆ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಒಂದು ಚಿಕ್ಕ ಜೆಟ್ಟಿ. ಅಲ್ಲಿ ನಮ್ಮ ದೋಣಿ. ಹದಿನೆಂಟು ಅಡಿಯ ಫೈಬರ್ ದೋಣಿ, ಹಿಂಬದಿಗೆ ಸಿಕ್ಕಿಸಿದ ಒಂದು ಹಳೆಯ ಔಟ್‌ಬೋರ್ಡ್ ಎಂಜಿನ್. ಬಣ್ಣ ಎಷ್ಟು ಹೋಗಿತ್ತೆಂದರೆ ಯಾವ ಕಂಪನಿಯದೆಂದು ಓದಲು ಆಗುತ್ತಿರಲಿಲ್ಲ. ದೋಣಿಯೂ ಎಂಜಿನ್ನೂ ನಡೆಸುವವರದೇ. ಲ್ಯಾಬಿನವರು ಬಾಡಿಗೆಗೆ ಹಿಡಿದಿದ್ದರು. ದೋಣಿ ನಡೆಸುವವರು ಉಡುಪಿ ಕಡೆಯ ಮೀನುಗಾರರ ಮನೆತನದವರು, ಅರವತ್ತೈದರ ಮೇಲಿನವರು. ಹುಡುಗನಾಗಿದ್ದಾಗಲೇ ಮುಂಬೈಗೆ ಬಂದು ಬೋಟುಗಳಲ್ಲಿ ದುಡಿದು, ಆಮೇಲೆ ಎಂಜಿನ್ ರಿಪೇರಿ ಕಲಿತಿದ್ದರು. ಮಲಾಡಿನಿಂದ ಎರಡು ಲೋಕಲ್ ಬದಲಿಸಿ ಬರುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಮೊದಲ ದಿನ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಮೂರು ಸಲ ಬಿಗಿದುಕೊಂಡು, ದೋಣಿಯ ಎರಡೂ ಅಂಚು ಹಿಡಿದು ಕುಳಿತಿದ್ದ ನನ್ನನ್ನು ನೋಡಿ ಅವರು ನಗಲಿಲ್ಲ.

"ಹೆದರಿಕೆ ಉಂಟಾ?" ಎಂದು ಕೇಳಿದರು.

"ಬಾಳ ಅದರೀ ಕಾಕಾ."

"ಹಾಗಾದ್ರೆ ಒಂದು ಕೆಲಸ ಮಾಡಿ. ಅಗೋ, ಎಂಜಿನ್ನಿನ ಬದಿಯಿಂದ ಸಣ್ಣ ನೀರು ಬೀಳ್ತಾ ಉಂಟಲ್ಲ, ಅದನ್ನೇ ನೋಡ್ತಾ ಇರಿ. ಅದು ನಿಂತರೆ ನನಗೆ ಹೇಳ್ಬೇಕು. ಬೇರೆ ಎಲ್ಲಿಯೂ ನೋಡುದು ಬೇಡ."

ಎಂಜಿನ್ ಖಾಡಿಯ ನೀರನ್ನೇ ಎಳೆದುಕೊಂಡು ತನ್ನನ್ನು ತಂಪು ಮಾಡಿಕೊಳ್ಳುತ್ತದೆ, ಆ ನೀರಿನ ಒಂದೆಳೆ ಹೊರಗೆ ಚಿಮ್ಮುತ್ತಿರಬೇಕು, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡು ಅದು ನಿಂತರೆ ಎಂಜಿನ್ ಸುಟ್ಟುಹೋಗುತ್ತದೆ ಎಂದು ವಿವರಿಸಿದರು. ಅಂದಿನಿಂದ ಆ ನೀರಿನ ಎಳೆಯನ್ನು ಕಾಯುವುದು ನನ್ನ ಕೆಲಸವಾಯಿತು. ಹೆದರಿಕೆ ಕಡಿಮೆಯಾಗಲಿಲ್ಲ, ಆದರೆ ಅದಕ್ಕೆ ಕೂರಲು ಒಂದು ಜಾಗ ಸಿಕ್ಕಿತು.

ಎರಡನೆಯ ಪಾಠ ಎಣ್ಣೆಯದು. ಕಾರಿನ ಎಂಜಿನ್ನಿಗೆ ಎಣ್ಣೆಯ ಜಾಗವೇ ಬೇರೆ. ಈ ಹಳೆಯ ಔಟ್‌ಬೋರ್ಡಿಗೆ ಅದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗೆ ಹೋಗಿ ಪಿಸ್ಟನ್ನಿಗೂ ಬೇರಿಂಗಿಗೂ ಜಿಡ್ಡು ಸವರಿ, ಆಮೇಲೆ ಸುಟ್ಟು ಹೊಗೆಯಾಗಿ ಹೊರಗೆ ಬರುತ್ತದೆ. "ಪೆಟ್ರೋಲೇ ಊಟ, ಅದರಲ್ಲೇ ಮದ್ದು. ಬೇರೆ ಬಾಯಿ ಇಲ್ಲ ಇದಕ್ಕೆ" ಎಂದರು ಕಾಕಾ. ಅಳತೆ, ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಹತ್ತು ಲೀಟರಿಗೆ ನಾನೂರು ಮಿಲಿ. ಅದೂ ದೋಣಿಯ ಎಂಜಿನ್ನಿಗೆಂದೇ ಬರುವ ಟೂ-ಸ್ಟ್ರೋಕ್ ಎಣ್ಣೆ, ಗ್ಯಾರೇಜಿನ ಎಣ್ಣೆ ಅಲ್ಲ. ಮೊದಲು ಅರ್ಧ ಪೆಟ್ರೋಲು, ಆಮೇಲೆ ಎಣ್ಣೆ, ಕ್ಯಾನಿನ ಬಾಯಿ ಮುಚ್ಚಿ ಚೆನ್ನಾಗಿ ಅಲುಗಾಡಿಸಿ, ನಂತರ ಉಳಿದ ಪೆಟ್ರೋಲು. ಹೊಸ ಎಂಜಿನ್ನುಗಳು ಐವತ್ತಕ್ಕೆ ಒಂದರಲ್ಲೂ ಓಡುತ್ತವೆ, ಇದು ಓಡುವುದಿಲ್ಲ, ಇದರ ಒಳಗಿನ ಬೇರಿಂಗುಗಳು ಹಳೆಯ ಕಾಲದವು ಎಂದು ಅವರು ಎರಡು ಸಲ ಹೇಳಿದ್ದರು.

ಮೂರನೆಯದು ವೇಗ. ಹ್ಯಾಂಡಲಿನ ಹಿಡಿಯನ್ನು ತಿರುಗಿಸಿದಷ್ಟೂ ಎಂಜಿನ್ ಜೋರಾಗುತ್ತದೆ. ಪೂರ್ತಿಯ ಮುಕ್ಕಾಲಿಗಿಂತ ಸ್ವಲ್ಪ ಕೆಳಗೆ ಕಾಕಾ ಒಂದು ಗೆರೆ ಕೊರೆದಿದ್ದರು. ಆ ಗೆರೆ ದಾಟುತ್ತಿರಲಿಲ್ಲ. "ವಯಸ್ಸಾದವ ಓಡ್ಲಿಕ್ಕೆ ಹೋದ್ರೆ ಎಂತ ಆಗ್ತದೆ? ಇದಕ್ಕೂ ಹಾಗೆ. ಓಡ್ತದೆ ಮಾರಾಯ್ರೆ, ಓಡುದಿಲ್ಲ ಅಂತಲ್ಲ. ಎಷ್ಟು ಹೊತ್ತು ಅಂತ ಗೊತ್ತಿಲ್ಲ."

ಮೂರು ವರ್ಷ ಹೀಗೇ ನಡೆಯಿತು. ಕಾಕಾನ ಮೊಣಕಾಲು ನೋಯತೊಡಗಿದ ಮೇಲೆ ಕ್ಯಾನ್ ಹೊತ್ತು ತರುವ, ಎಣ್ಣೆ ಬೆರೆಸುವ ಕೆಲಸ ನನಗೆ ಬಂತು. ಲ್ಯಾಬಿನ ಹಿಂದಿನ ಅಂಗಳದಲ್ಲಿ, ಗಾಜಿನ ಅಳತೆ ಸಿಲಿಂಡರ್ ಹಿಡಿದು ನಾನು ನಾನೂರು ಮಿಲಿ ಅಳೆಯುತ್ತಿದ್ದೆ. ಅಳತೆಯ ವಿಷಯದಲ್ಲಿ ಕಾಕಾ ನನ್ನನ್ನು ಪೂರ್ತಿ ನಂಬಿದ್ದರು. ನಂಬಿದವರು ಮತ್ತೆ ಕೇಳುವುದಿಲ್ಲ.

ಮೂರನೆಯ ವರ್ಷದ ಸೆಪ್ಟೆಂಬರಿನಲ್ಲಿ, ಲ್ಯಾಬಿಗೆ ಈ ಪರೀಕ್ಷೆಯ ಕೆಲಸ ಕೊಟ್ಟ ಪಾರ್ಟಿಯ ಒಬ್ಬರು ನಮ್ಮ ಜೊತೆ ದೋಣಿಯಲ್ಲಿ ಬಂದಿದ್ದರು. ವರದಿಗೆಂದು ತೆಗೆದ ಫೋಟೋಗಳಲ್ಲೆಲ್ಲ ನಮ್ಮ ದೋಣಿಯ ಹಿಂದೆ ನೀಲಿ ಹೊಗೆ. ಖಾಡಿಯ ಮಾಲಿನ್ಯ ಅಳೆಯಲು ಹೋದವರ ದೋಣಿಯೇ ಹೊಗೆ ಬಿಡುತ್ತಿದೆ ಎಂದು ಅವರು ಮ್ಯಾನೇಜರಿಗೆ ಹೇಳಿರಬೇಕು. ಮ್ಯಾನೇಜರ್ ನನ್ನನ್ನು ಒಳಗೆ ಕರೆದರು.

"ನೋಡಿ, ನಮಗೆ ಗೊತ್ತಿರೋ ಮೆಕ್ಯಾನಿಕ್ ಒಬ್ಬರನ್ನ ಕೇಳ್ದೆ. ಈಗಿನ ಎಣ್ಣೆ ಐವತ್ತಕ್ಕೆ ಒಂದು ಸಾಕಂತೆ. ಇನ್ಮೇಲೆ ಅರ್ಧ ಹಾಕಿ."

"ಸರ್, ಕಾಕಾ ಹೇಳ್ತಾರ್ರಿ, ಈ ಎಂಜಿನ್ನಿಗೆ..."

"ಅವ್ರು ಹಳೇ ಕಾಲದೋರು. ಅವ್ರಿಗೆ ಹೇಳೋಕೆ ಹೋಗ್ಬೇಡಿ, ಸುಮ್ನೆ ತಲೆ ತಿಂತಾರೆ. ಅಳತೆ ಮಾಡೋರು ನೀವೇ ತಾನೆ?"

ಆ ಹೊತ್ತಿಗೆ ಲ್ಯಾಬಿನಲ್ಲಿ ಇಬ್ಬರನ್ನು ಕೆಲಸದಿಂದ ತೆಗೆದಾಗಿತ್ತು. ಮನೆಯಲ್ಲಿ ಕುಳಿತಿದ್ದ ಆ ಎಂಟು ತಿಂಗಳು ನನಗೆ ಮರೆತಿರಲಿಲ್ಲ. ಬೆಳಿಗ್ಗೆ ಎಲ್ಲರೂ ಸ್ಟೇಷನ್ನಿನತ್ತ ಹೋಗುವಾಗ ಕಿಟಕಿಯಲ್ಲಿ ನಿಂತು ನೋಡುವುದು ಏನೆಂದು ನನಗೆ ಗೊತ್ತು. ನೀರಿನ ಹೆದರಿಕೆಗಿಂತ ಆ ಹೆದರಿಕೆ ದೊಡ್ಡದು. ಮುಂದಿನ ಟ್ರಿಪ್ಪಿನ ಬೆಳಿಗ್ಗೆ ನಾನು ಸಿಲಿಂಡರಿನಲ್ಲಿ ಇನ್ನೂರು ಮಿಲಿ ಅಳೆದು ಹಾಕಿದೆ. ಅಲುಗಾಡಿಸುವಾಗ ಕ್ಯಾನಿನ ಸದ್ದು ಎಂದಿನಂತೆಯೇ ಇತ್ತು.

ಅಂದು ಎಲ್ಲ ತಡ. ನಾನು ಹತ್ತಿದ ಬಸ್ಸು ಹೈವೇಯಲ್ಲಿ ನಿಂತಿತು. ಎಂಟೂವರೆಗೆ ಹೊರಡಬೇಕಾದ ದೋಣಿ ಮುಕ್ಕಾಲು ಗಂಟೆಯ ಮೇಲೆ ತಡವಾಗಿ ಹೊರಟಿತು. ಐದು ಕಡೆ ನೀರು ತುಂಬಿಕೊಳ್ಳಬೇಕು. ಹತ್ತು ಗಂಟೆಗೆ ಉಬ್ಬರ ತುಂಬುತ್ತದೆ. ಇಳಿತ ಜೋರಾಗುವ ಮುಂಚೆ ಐದನೆಯ ಜಾಗ ಮುಗಿಯಬೇಕು.

ಮೊದಲ ಜಾಗಕ್ಕೆ ಹೋಗುವಾಗಲೇ ಕಾಕಾ ಹಿಂದಿರುಗಿ ನೋಡಿದರು. "ಇವತ್ತು ಹೊಗೆ ಕಡಿಮೆ ಉಂಟಲ್ಲ."

ನಾನು ನೀರಿನ ಎಳೆಯನ್ನೇ ನೋಡುತ್ತಿದ್ದೆ. "ಗಾಳಿ ಅದರಿ" ಎಂದೆ.

ಬಾಟಲಿಗಳಲ್ಲಿ ನೀರು ತುಂಬುವಾಗ, ಚೀಟಿ ಅಂಟಿಸುವಾಗ, ಕಿವಿ ಮಾತ್ರ ಎಂಜಿನ್ನಿನ ಕಡೆಗೇ. ಏನೂ ಆಗಲಿಲ್ಲ. ಎರಡು, ಮೂರು, ನಾಲ್ಕನೆಯ ಜಾಗ ಮುಗಿಯಿತು. ಮೆಕ್ಯಾನಿಕ್ ಹೇಳಿದ್ದೇ ಸರಿಯಿರಬೇಕು ಎಂದು ಸ್ವಲ್ಪ ಧೈರ್ಯ ಬಂತು. ಆಗ ಹನ್ನೊಂದು ಗಂಟೆ. ಕಾಕಾ ನೀರು ನೋಡಿ, "ಐದನೇದು ಇವತ್ತು ಬೇಡ. ಇಳಿತ ಶುರುವಾಯ್ತು. ಹೋಗಿ ಬರುವಷ್ಟು ಹೊತ್ತಿಲ್ಲ" ಎಂದರು.

ನಾಲ್ಕು ಬಾಟಲಿ ಹಿಡಿದು ಮ್ಯಾನೇಜರಿನ ಮುಂದೆ ನಿಲ್ಲುವುದನ್ನು ನೆನೆದೆ. "ಸ್ವಲ್ಪ ಜೋರ್ ಹೋದ್ರ ಆಗ್ತದ್ರಿ ಕಾಕಾ. ಹತ್ತು ನಿಮಿಷದ ಹಾದಿ" ಎಂದೆ.

ಈ ಮಾತನ್ನು ನಾನೇ ಆಡಿದೆ. ಯಾರೂ ಆಡಿಸಲಿಲ್ಲ.

ಕಾಕಾ ನನ್ನ ಮುಖ ನೋಡಿದರು. ಮೂರು ವರ್ಷದಲ್ಲಿ ಜೋರಾಗಿ ಹೋಗೋಣ ಎಂದು ನಾನು ಕೇಳಿರಲಿಲ್ಲ. ನನಗೇನೋ ತೊಂದರೆ ಇದೆ ಎಂದು ಅವರಿಗೆ ಅನ್ನಿಸಿರಬೇಕು. ಹಿಡಿಯನ್ನು ಗೆರೆಯಾಚೆಗೆ ತಿರುಗಿಸಿದರು.

ದೋಣಿಯ ಮೂತಿ ಎದ್ದಿತು. ಎರಡೂ ಕಡೆ ಕಾಂಡ್ಲಾ ಗಿಡಗಳು ಹಿಂದಕ್ಕೆ ಓಡಿದವು. ಎದುರಿಗೆ ಖಾಡಿಯ ನಡುವೆ ಕರೆಂಟಿನ ದೊಡ್ಡ ಕಂಬಗಳು. ಐದು ನಿಮಿಷ ಆಗಿರಬಹುದು, ಎಂಜಿನ್ನಿನ ದನಿ ತೆಳ್ಳಗಾಯಿತು. ದಪ್ಪ ದನಿಯವರು ಗಂಟಲು ಬಿಗಿದು ಮಾತಾಡಿದ ಹಾಗೆ. ಬಿಸಿ ಬಣ್ಣದ ವಾಸನೆ ಬಂತು. ನಾನು ಬಾಯಿ ತೆರೆದೆ. ಮಾತು ಬರುವ ಮುಂಚೆ ಕಾಕಾ ಹಿಡಿ ಇಳಿಸಿದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಹಿಡಿದು ಎಳೆದಂತೆ ಎಂಜಿನ್ ಭಾರವಾಗಿ, ಒಂದು ಸಣ್ಣ ಕಿರುಚು ಹೊರಡಿಸಿ ನಿಂತುಹೋಯಿತು.

ಆ ಮೇಲಿನ ನಿಶ್ಶಬ್ದವನ್ನು ನಾನು ಈಗಲೂ ಕೇಳಬಲ್ಲೆ. ದೋಣಿ ತನ್ನಷ್ಟಕ್ಕೆ ಜಾರುತ್ತಿತ್ತು. ನೀರು ಸಮುದ್ರದ ಕಡೆಗೆ ಹೊರಟಿತ್ತು, ನಮ್ಮನ್ನೂ ಕರೆದುಕೊಂಡು.

ಕಾಕಾ ಹಗ್ಗ ಎಳೆದರು. ಹಗ್ಗ ಒಂದು ಬೆರಳಷ್ಟೂ ಬರಲಿಲ್ಲ. ಮತ್ತೆ ಎಳೆಯಲಿಲ್ಲ. ಮೊದಲು ಮುಂದೆ ಹೋಗಿ ಲಂಗರು ಬಿಟ್ಟರು. ಅದು ಕೆಸರಿನಲ್ಲಿ ಎರಡು ಸಲ ಜಾರಿ ಮೂರನೆಯ ಸಲ ಹಿಡಿಯಿತು. ಹರಿವಿನ ಅಂಚಿನಲ್ಲಿ ದೋಣಿ ನಿಂತಿತು. ಆಮೇಲೆ ಬಂದು ಕುಳಿತರು.

"ನೀರು ಬರ್ತಾ ಇತ್ತಾ?"

ಒಂದು ಕ್ಷಣ ನನಗೆ ದಾರಿ ಕಂಡಿತು. ಇಲ್ಲ, ನಿಂತಿತ್ತು, ನಾನು ಗಮನಿಸಲಿಲ್ಲ ಎಂದರೆ ತಪ್ಪು ಪ್ಲಾಸ್ಟಿಕ್ ಚೀಲದ್ದಾಗುತ್ತದೆ. ಆದರೆ ಆ ಎಳೆಯನ್ನು ಮೂರು ವರ್ಷ ಕಾದಿದ್ದೆ. ಅದರ ವಿಷಯದಲ್ಲಿ ಸುಳ್ಳು ಬರಲಿಲ್ಲ.

"ಕಡೀತನ ಬರ್ತಿತ್ರಿ."

"ಎಣ್ಣೆ?"

"ಯಾವಾಗಿನಂಗ ಹಾಕೀನ್ರಿ." ಇದು ಬಂತು, ತಡೆಯದೆ ಬಂತು.

ಅವರು ಮೇಲಿನ ಮುಚ್ಚಳ ತೆಗೆದು, ಬಿಸಿ ಆರುವವರೆಗೆ ಕಾದು, ಎರಡೂ ಪ್ಲಗ್ಗು ಬಿಚ್ಚಿದರು. ಒಂದನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದು ನೋಡಿದರು. ಅದು ಬೂದಿಯಂತೆ ಬೆಳ್ಳಗಿತ್ತು, ಎಣ್ಣೆಯ ಕಪ್ಪು ಜಿಡ್ಡೇ ಇರಲಿಲ್ಲ. ಆಮೇಲೆ ಟ್ಯಾಂಕಿನ ಬಾಯಿ ತೆರೆದು, ಬೆರಳು ಅದ್ದಿ, ಎರಡು ಬೆರಳ ನಡುವೆ ತಿಕ್ಕಿದರು. ಬಹಳ ಹೊತ್ತು ತಿಕ್ಕಿದರು.

"ಎಷ್ಟು ಹಾಕಿದ್ದು ನೀವು?"

ನಾನು ಸ್ಯಾಂಪಲ್ ಬಾಟಲಿಗಳ ಡಬ್ಬವನ್ನು ಇನ್ನೊಂದು ಕಡೆಗೆ ಸರಿಸಿದೆ.

"ನೋಡಿ, ಬೈಯ್ಲಿಕ್ಕೆ ಕೇಳುದಲ್ಲ. ಎಷ್ಟು ಅಂತ ಗೊತ್ತಾದ್ರೆ ಎಂತ ಮಾಡ್ಬಹುದು ಅಂತ ಗೊತ್ತಾಗ್ತದೆ."

"ಇನ್ನೂರ್ರಿ ಕಾಕಾ. ಅರ್ಧ." ಎಲ್ಲ ಹೇಳಿದೆ. ಮ್ಯಾನೇಜರ್ ಹೇಳಿದ್ದು, ಹೊಗೆಯ ಫೋಟೋ, ನಿಮಗೆ ಹೇಳಬೇಡ ಎಂದದ್ದು. ಹೇಳುವಾಗ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಅಕ್ಟೋಬರಿನ ಬಿಸಿಲಿನಲ್ಲಿ.

ಕಾಕಾ ಬೆರಳನ್ನು ಲುಂಗಿಗೆ ಒರೆಸಿಕೊಂಡರು. "ನಾನು ಗೆರೆ ದಾಟಿದ್ದು ಎಣ್ಣೆ ಸರಿ ಉಂಟು ಅಂತ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಫೋನು ಇತ್ತು, ರೇಂಜೂ ಇತ್ತು. ಜೆಟ್ಟಿಯಲ್ಲಿ ದೋಣಿಯಿದ್ದ ಒಬ್ಬ ಕೋಲಿ ಮೀನುಗಾರ ಗೆಳೆಯನಿಗೆ ಕಾಕಾ ಫೋನ್ ಮಾಡಿ ಮರಾಠಿಯಲ್ಲಿ ಮಾತಾಡಿದರು. ಆತ ಕೆಲಸದ ಮೇಲೆ ಥಾಣೆ ನಗರಕ್ಕೆ ಹೋಗಿದ್ದ. ಓಡಿ ಬರುವಷ್ಟರಲ್ಲಿ ಒಂದೂವರೆ ಗಂಟೆ. ಜೆಟ್ಟಿಗೆ ಹೋಗುವ ಸಣ್ಣ ಕಾಲುವೆ ಅಷ್ಟರಲ್ಲಿ ಬರೀ ಕೆಸರಾಗಿತ್ತು. ಇನ್ನು ಸಂಜೆ ನೀರು ಏರುವವರೆಗೆ ಯಾವ ದೋಣಿಯೂ ಅಲ್ಲಿಂದ ಹೊರಡುವಂತಿರಲಿಲ್ಲ. ಮ್ಯಾನೇಜರಿಗೆ ನಾನು ಫೋನ್ ಮಾಡಿದೆ. "ಯಾರನ್ನಾದ್ರೂ ಕಳಿಸ್ತೀನಿ, ಗಾಬರಿ ಆಗ್ಬೇಡಿ" ಎಂದರು. ಯಾರನ್ನು, ಯಾವ ದಾರಿಯಲ್ಲಿ ಎಂದು ನಾನು ಕೇಳಲಿಲ್ಲ. ಕಣ್ಣೆದುರಿಗೆ ಸೇತುವೆಯ ಮೇಲೆ ಲಾರಿ, ಬಸ್ಸು ಹೋಗುತ್ತಿದ್ದವು. ಅವುಗಳ ಹಾರ್ನು ಕೇಳುತ್ತಿತ್ತು. ಇಡೀ ಊರು ಅಲ್ಲೇ ಇತ್ತು. ನಮ್ಮ ಹತ್ತಿರ ಬರಲು ಮಾತ್ರ ಯಾರಿಗೂ ದಾರಿ ಇರಲಿಲ್ಲ.

ನೀರು ಇಳಿಯುವುದನ್ನು ಕುಳಿತು ನೋಡಿದವರಿಗೆ ಅದು ಎಷ್ಟು ನಿಧಾನ, ಎಷ್ಟು ಬೇಗ ಎಂದು ಗೊತ್ತು. ಎರಡೂವರೆಗೆ ದೋಣಿಯ ತಳ ಕೆಸರಿಗೆ ತಾಗಿ, ಒಂದು ಕಡೆಗೆ ವಾಲಿ ಕುಳಿತಿತು. ಸುತ್ತ ಕಪ್ಪು ಕೆಸರು, ಬಿಸಿಲಿಗೆ ಹೊಳೆಯುತ್ತ, ಗಟ್ಟಿ ನೆಲದಂತೆ ಕಾಣುತ್ತಿತ್ತು. ಕಾಂಡ್ಲಾ ಗಿಡಗಳು ಇನ್ನೂರು ಹೆಜ್ಜೆ ದೂರದಲ್ಲಿದ್ದವು. ನೀರಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನವಾಗಿ, ಪ್ಯಾಂಟು ಮಡಚತೊಡಗಿದೆ.

"ಎಲ್ಲಿಗೆ?"

"ನಡದ ಹೋಗೂಣ್ರಿ ಕಾಕಾ. ಗಿಡ ಹಿಡಕೊಂಡ್ರ ದಂಡೀಗಿ ಹೋಗಬಹುದು."

ಕಾಕಾ ಒಂದು ಕೈಯಿಂದ ನನ್ನ ಅಂಗಿ ಹಿಡಿದು, ಇನ್ನೊಂದು ಕೈಯಿಂದ ಹುಟ್ಟನ್ನು ಎತ್ತಿ ಕೆಸರಿಗೆ ನೆಟ್ಟಗೆ ಚುಚ್ಚಿದರು. ಒತ್ತಲೇ ಇಲ್ಲ, ಬಿಟ್ಟರು ಅಷ್ಟೆ. ಅದು ತನ್ನ ಭಾರಕ್ಕೇ ಇಳಿಯುತ್ತ ಹೋಗಿ, ಹಿಡಿಯ ಹತ್ತಿರ ನಿಂತಿತು. ಅದನ್ನು ವಾಪಸು ಎಳೆಯಲು ಇಬ್ಬರೂ ಸೇರಬೇಕಾಯಿತು.

"ಎದೆವರೆಗೆ ಹೋಗ್ತೀರಿ. ಆಮೇಲೆ ನೀರು ಬರ್ತದೆ" ಎಂದರು.

ಮಡಚಿದ್ದ ಪ್ಯಾಂಟನ್ನು ಮತ್ತೆ ಕೆಳಗಿಳಿಸಿ ಕುಳಿತೆ. ಅಷ್ಟರಲ್ಲಿ ಹೆಂಡತಿಯ ಫೋನು.

"ಎಲ್ಲಿ ಅದೀರಿ? ಊಟ ಆತೇನು?"

"ಸೈಟಿನ್ಯಾಗ ಅದೀನಿ. ಆತು."

"ದನಿ ಹಿಂಗ್ಯಾಕದ?"

"ಬಿಸಲ ಅದ. ಸಂಜೀಗಿ ತಡ ಆಗ್ತದ ಇವತ್ತ."

ಫೋನ್ ಇಟ್ಟ ಮೇಲೆ ಕಾಕಾ ಕೇಳಿದರು, "ಮನೆಯಲ್ಲಿ ಗೊತ್ತಿಲ್ವಾ, ದೋಣಿಯ ವಿಷಯ?" ಇಲ್ಲ ಎಂದೆ. "ಎರಡು ಕಡೆ ಮುಚ್ಚಿಟ್ಟಿದ್ದೀರಿ" ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ತಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ನನಗೆ ಕೊಟ್ಟರು.

ಆ ಮಧ್ಯಾಹ್ನವೆಲ್ಲ ಅವರು ಎಂಜಿನ್ನಿನ ಮೇಲೆ ಕೆಲಸ ಮಾಡಿದರು. ಅವರ ಚೀಲದಲ್ಲಿ ಒಂದು ಎಣ್ಣೆಯ ಬಾಟಲಿ ಯಾವಾಗಲೂ ಇರುತ್ತಿತ್ತು. ಪ್ಲಗ್ಗಿನ ತೂತುಗಳಲ್ಲಿ ಸ್ವಲ್ಪ ಸ್ವಲ್ಪ ಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು, ಮೇಲಿನ ಚಕ್ರವನ್ನು ಸ್ಪ್ಯಾನರ್ ಹಾಕಿ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಒತ್ತುವುದು. ಬಲ ಹಾಕಲಿಲ್ಲ. ಮತ್ತೆ ಎಣ್ಣೆ, ಮತ್ತೆ ಕಾಯುವುದು. ಬಿಸಿಯಾಗಿ ಹಿಗ್ಗಿದ ಪಿಸ್ಟನ್ ಗೋಡೆಗೆ ಕಚ್ಚಿಕೊಂಡಿದೆ, ತಣ್ಣಗಾಗಿ ಎಣ್ಣೆ ಕುಡಿದರೆ ಬಿಟ್ಟರೂ ಬಿಡಬಹುದು ಎಂದರು. ಬಿಡದಿದ್ದರೆ? ಅವರು ನಡುನಡುವೆ ತಲೆ ಎತ್ತಿ ಲಂಗರಿನ ಹಗ್ಗದ ಕಡೆ ನೋಡುತ್ತಿದ್ದರು.

"ನಿಮಗೂ ಹೆದರಿಕಿ ಆಗೇದೇನ್ರಿ?"

"ಮತ್ತೆ? ಸಂಜೆ ನೀರು ಬಂದಾಗ ದೋಣಿ ಏಳ್ತದೆ. ಈ ಲಂಗರು ಹಿಡಿಯುದು ಅಷ್ಟಕ್ಕಷ್ಟೆ. ಮಧ್ಯಕ್ಕೆ ಹೋದ್ರೆ ಮರಳು ಹೊರುವ ದೊಡ್ಡ ಬಾರ್ಜುಗಳು ಬರ್ತವೆ. ನಮ್ಮಲ್ಲಿ ದೀಪ ಇಲ್ಲ."

ನಾನು ಮುಂದೆ ಹೋಗಿ ಲಂಗರಿನ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದೆ.

ನಾಲ್ಕೂವರೆಯ ಸುಮಾರಿಗೆ ಚಕ್ರ ಒಂದು ಬೆರಳಗಲ ಸರಿಯಿತು. ಐದಕ್ಕೆ ಅರ್ಧ ಸುತ್ತು. ಪೂರ್ತಿ ಸುತ್ತಿದಾಗ ಒಳಗೆ ಮರಳು ಉಜ್ಜಿದ ಸದ್ದು. ಕಾಕಾ ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿದರು. "ಒಂದು ಸಿಲಿಂಡರ್ ಗೀರಿದೆ. ಇನ್ನೊಂದು ಉಂಟು" ಎಂದರು.

ಟ್ಯಾಂಕಿನಲ್ಲಿ ಆರು ಲೀಟರ್ ಉಳಿದಿತ್ತು. ಅವರು ಎಣ್ಣೆಯ ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ನೀವೇ ಅಳೆಯಿರಿ. ಸರಿ ಮಾಡ್ಲಿಕ್ಕೆ ನೂರಿಪ್ಪತ್ತು ಸಾಕು. ಇವತ್ತು ಇನ್ನೂರು ಹಾಕಿ. ಹೊಗೆ ಬರ್ಲಿ."

ಸ್ಯಾಂಪಲ್ಲಿನ ಖಾಲಿ ಬಾಟಲಿಯಲ್ಲಿ ಗೆರೆಗಳಿದ್ದವು. ನಾನು ಎರಡು ಸಲ ಚೆಲ್ಲಿಕೊಂಡು, ಮೂರನೆಯ ಸಲ ಸರಿಯಾಗಿ ಅಳೆದು ಸುರಿದೆ. ಟ್ಯಾಂಕನ್ನು ಇಬ್ಬರೂ ಹಿಡಿದು ಅಲುಗಾಡಿಸಿದೆವು.

ಆರು ಗಂಟೆಗೆ ಸ್ವಲ್ಪ ಮುಂಚೆ ದೋಣಿಯ ತಳದಲ್ಲಿ ಗುಳುಗುಳು ಎಂದಿತು. ವಾಲಿದ್ದ ದೋಣಿ ನೆಟ್ಟಗಾಯಿತು, ಆಮೇಲೆ ತೇಲಿತು. ಸೂರ್ಯ ಮುಳುಗುತ್ತಿದ್ದ. ಕಾಕಾ ಹಗ್ಗ ಎಳೆದರು. ಐದು ಸಲ, ಹತ್ತು ಸಲ. ಅವರಿಗೆ ಮೊಣಕಾಲಿನ ಮೇಲೆ ನಿಲ್ಲಲಾಗದೆ ನಾನು ಎಳೆದೆ. ಎಷ್ಟನೆಯ ಎಳೆತಕ್ಕೋ ಎಂಜಿನ್ ಕೆಮ್ಮಿ ಹಿಡಿಯಿತು. ಇಡೀ ದೋಣಿ ನೀಲಿ ಹೊಗೆಯಲ್ಲಿ ಮುಳುಗಿತು. ನನ್ನ ಕಣ್ಣಿನಲ್ಲಿ ನೀರು ಬಂತು. ಹೊಗೆಗೇ ಬಂದಿರಬೇಕು.

ಹೊರಟದ್ದು ಮನುಷ್ಯ ನಡೆಯುವ ವೇಗದಲ್ಲಿ. ಹಿಡಿಯನ್ನು ಕಾಲುಭಾಗದಷ್ಟೂ ತಿರುಗಿಸಲಿಲ್ಲ. ಒಳಗೆ ಟಕ್ ಟಕ್ ಎಂದು ಹೊಡೆದುಕೊಳ್ಳುತ್ತಿತ್ತು. ಪ್ರತಿ ಟಕ್ಕಿನ ನಂತರ ಇನ್ನೊಂದು ಬರುತ್ತದೋ ಇಲ್ಲವೋ ಎಂದು ನಾನು ಉಸಿರು ಹಿಡಿಯುತ್ತಿದ್ದೆ. ಕತ್ತಲಾಗುತ್ತಿದ್ದಂತೆ ಫೋನಿನ ಬೆಳಕನ್ನು ನೀರಿನ ಎಳೆಯ ಮೇಲೆ ಹಿಡಿದು ಕುಳಿತೆ. ಬ್ಯಾಟರಿ ಹನ್ನೊಂದು ಪರ್ಸೆಂಟ್. ಅರ್ಧ ದಾರಿಯಲ್ಲಿ ಆ ಎಳೆ ಸಣ್ಣಗಾಯಿತು, ಹನಿಹನಿಯಾಯಿತು.

"ಕಾಕಾ, ನೀರ ನಿಂತದ್ರಿ."

ಅವರು ಎಂಜಿನ್ ಆರಿಸಿದರು. ಅಷ್ಟು ಕಷ್ಟಪಟ್ಟು ಹೊತ್ತಿಸಿದ್ದನ್ನು ಕೈಯಾರೆ ಆರಿಸಿದ ಆ ಗಳಿಗೆ ಇಡೀ ದಿನದಲ್ಲಿ ನನಗೆ ಎಲ್ಲಕ್ಕಿಂತ ಭಯಂಕರ. ದೂರದಲ್ಲಿ ಬಾರ್ಜೊಂದರ ದೀಪ ಕಾಣುತ್ತಿತ್ತು. ಅದು ನಿಂತಿದೆಯೋ ಬರುತ್ತಿದೆಯೋ ತಿಳಿಯುತ್ತಿರಲಿಲ್ಲ. ಕಾಕಾ ಎಂಜಿನ್ನನ್ನು ಮೇಲಕ್ಕೆ ಬಾಗಿಸಿ, ಬಗ್ಗಿ ಕೈ ಹಾಕಿ, ಕೆಳಗೆ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ಕನ್ನು ಕಿತ್ತು ತೆಗೆದರು. ನಾನು ಅವರ ಸೊಂಟ ಹಿಡಿದುಕೊಂಡಿದ್ದೆ. ಆಮೇಲೆ ಹಗ್ಗ. ಮೊದಲ ಎಳೆತಕ್ಕೆ ಇಲ್ಲ. ಎರಡನೆಯದಕ್ಕೆ ಇಲ್ಲ. ಬಾರ್ಜಿನ ದೀಪ ದೊಡ್ಡದಾಗಿತ್ತು. ಅವ್ವ ಹೇಳುತ್ತಿದ್ದ ದೇವರ ಹೆಸರುಗಳೆಲ್ಲ ನನ್ನ ಬಾಯಿಗೆ ಬಂದವು. ಏಳನೆಯದಕ್ಕೆ ಹೊತ್ತಿತು.

ಬಾರ್ಜು ನಮ್ಮಿಂದ ಸಾಕಷ್ಟು ದೂರದಲ್ಲೇ ಹಾದುಹೋಯಿತು. ಅದರ ಅಲೆಗೆ ದೋಣಿ ತೂಗಾಡಿದಾಗ ಸ್ಯಾಂಪಲ್ ಬಾಟಲಿಗಳ ಡಬ್ಬ ನೀರಿಗೆ ಬಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

ಜೆಟ್ಟಿಯ ಬಾಯಲ್ಲಿ ಕಾಕಾನ ಗೆಳೆಯ ಟಾರ್ಚ್ ಹಿಡಿದು ತನ್ನ ದೋಣಿಯಲ್ಲಿ ಎದುರಾದ. ಎಂದಿನಂತಾದರೆ ಇಪ್ಪತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿದಿತ್ತು. ಕಟ್ಟೆಗೆ ಹತ್ತಿದ ಮೇಲೆ ಕಾಕಾನಿಗೆ ನಿಲ್ಲಲು ಆಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕಾಲು ನೀವಿಕೊಂಡರು. ನಾನು ಅವರ ಪಕ್ಕ ಕುಳಿತು ಏನೋ ಹೇಳಲು ಹೋದೆ.

"ಮನೆಗೆ ಹೋಗಿ. ಮೊದಲು ಮನೆಯಲ್ಲಿ ಹೇಳಿ" ಎಂದರು.

ಹೇಳಿದೆ. ಕೆಸರು ಮೆತ್ತಿದ ಪ್ಯಾಂಟಿನಲ್ಲೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಅವಳು ಗ್ಯಾಸ್ ಆರಿಸಿ ಕೇಳಿದಳು. "ಮೂರು ವರ್ಷ" ಎಂದಳು. "ಮೂರು ವರ್ಷ ನಾ ನಿಮ್ಮ ಡಬ್ಬಿ ಕಟ್ಟಿ ಕಳಸೀನಿ. ಎಲ್ಲಿಗಿ ಕಳಸ್ತೀನಿ ಅನ್ನೂದಾದ್ರೂ ನನಗ ಗೊತ್ತಿರಬೇಕಾಗಿತ್ತಲ್ಲ." ನಮ್ಮ ಮಗಳು ಬಾಗಿಲಲ್ಲಿ ನಿಂತಿದ್ದಳು. "ಪಪ್ಪಾ, ಆಪ್ ಠೀಕ್ ಹೋ ನಾ?" ಎಂದು ಕೇಳಿ, ನಾನು ತಲೆಯಾಡಿಸಿದ್ದು ನೋಡಿ ಒಳಗೆ ಹೋದಳು. ಹೆಂಡತಿ ನನ್ನ ಜೊತೆ ನಾಲ್ಕು ದಿನ ಸರಿಯಾಗಿ ಮಾತಾಡಲಿಲ್ಲ.

ಮರುದಿನ ಲ್ಯಾಬಿಗೆ ಕಾಕಾನೂ ಬಂದಿದ್ದರು. ಮ್ಯಾನೇಜರ್, "ನಾನು ಸಾಧ್ಯವಾದ್ರೆ ನೋಡಿ ಅಂದಿದ್ದು, ಅರ್ಧಾನೇ ಹಾಕ್ಬೇಕು ಅಂದಿರಲಿಲ್ವಲ್ಲ" ಎಂದರು. ಕಾಕಾ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಇವರು ಹಾಕಿದ್ದು ತಪ್ಪು. ನೀವು ಹೇಳಿದ್ದೂ ತಪ್ಪು. ಇನ್ನು ಈ ಎಂಜಿನ್ನಿನ ವಿಷಯ ನನ್ನನ್ನು ಕೇಳ್ಬೇಕು. ಆಗುದಿಲ್ಲ ಅಂದ್ರೆ ಬೇರೆ ದೋಣಿ ನೋಡಿ." ಅಷ್ಟು ಅಗ್ಗಕ್ಕೆ ಬೇರೆ ದೋಣಿ ಸಿಗುವುದಿಲ್ಲ ಎಂದು ಮ್ಯಾನೇಜರಿಗೆ ಗೊತ್ತಿತ್ತು. ರಿಪೇರಿಯನ್ನು ಲ್ಯಾಬೇ ಮಾಡಿಸಿಕೊಟ್ಟಿತು. ನನ್ನ ಕೆಲಸ ಉಳಿಯಿತು, ಯಾಕೆ ಎಂದು ನನಗೆ ಇಂದಿಗೂ ಖಚಿತವಿಲ್ಲ.

ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿಸಿ ಎಂಜಿನ್ ವಾಪಸು ಬರಲು ಆರು ವಾರ ಹಿಡಿಯಿತು. ಹೊಸ ಪಿಸ್ಟನ್ ಗೋಡೆಗೆ ಹೊಂದಿಕೊಳ್ಳುವವರೆಗೆ, ಮೊದಲ ಹತ್ತು ಗಂಟೆ ಹೆಚ್ಚು ಎಣ್ಣೆ ಹಾಕಿ ನಿಧಾನವಾಗಿ ಓಡಿಸಬೇಕು. ಒಂದೇ ವೇಗದಲ್ಲಿ ಹಿಡಿಯಬಾರದು, ಸ್ವಲ್ಪ ಏರಿಸಿ ಸ್ವಲ್ಪ ಇಳಿಸುತ್ತಿರಬೇಕು. ರಜೆಯ ದಿನಗಳಲ್ಲಿ ನಾನೂ ಬರುತ್ತೇನೆ ಎಂದೆ. ಕಾಕಾ ಬೇಡ ಎನ್ನಲಿಲ್ಲ. ಎಣ್ಣೆ ಅಳೆಯುವಾಗ ಮಾತ್ರ ಪಕ್ಕದಲ್ಲೇ ನಿಂತು ನೋಡಿದರು. ಆಮೇಲೂ ಪ್ರತಿ ಸಲ ನೋಡಿದರು. ಮೊದಲಿನಂತೆ ಬೆನ್ನು ತಿರುಗಿಸಿ ಕೂರಲಿಲ್ಲ. ಅದು ನ್ಯಾಯವೇ.

ಎರಡನೆಯ ಭಾನುವಾರ ಹೆಂಡತಿ ಜೆಟ್ಟಿಗೆ ಬಂದಳು. ದೋಣಿ ಹತ್ತಲಿಲ್ಲ. ಮೆಟ್ಟಿಲ ಮೇಲೆ ಕುಳಿತು, ನಾವು ಜೆಟ್ಟಿಯ ಎದುರಿಗೇ ಸುತ್ತು ಹಾಕುವುದನ್ನು ಕಣ್ಣು ಕೀಳದೆ ನೋಡಿದಳು. ಅಂದು ಕಾಕಾ ಎದ್ದು ನನ್ನನ್ನು ಹಿಂದೆ ಕೂರಿಸಿ, ಹ್ಯಾಂಡಲನ್ನು ನನ್ನ ಕೈಗೆ ಕೊಟ್ಟರು. ಬೇಡವೆಂದೆ. "ನನಗೆ ಎಂತಾದ್ರೂ ಆದ್ರೆ ನೀವು ದೋಣಿ ದಡಕ್ಕೆ ತರ್ಬೇಕಲ್ಲ" ಎಂದರು. ಆ ಸಾಧ್ಯತೆ ಅದುವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಹೆದರಲು ಇನ್ನೊಂದು ಸಿಕ್ಕಿತು. ಹಿಡಿಯ ಮೂಲಕ ಎಂಜಿನ್ನಿನ ನಡುಕ ನನ್ನ ಮೊಣಕೈವರೆಗೆ ಬರುತ್ತಿತ್ತು. ಯಾವುದು ಅದರದು, ಯಾವುದು ನನ್ನದು ಎಂದು ತಿಳಿಯಲಿಲ್ಲ.

"ಈಗ ಸ್ವಲ್ಪ ಏರಿಸಿ" ಎಂದರು ಕಾಕಾ. ಏರಿಸಿದೆ. "ಸಾಕು. ಇಳಿಸಿ." ಇಳಿಸಿದೆ. ಮೆಟ್ಟಿಲ ಮೇಲೆ ಹೆಂಡತಿ ಎದ್ದು ನಿಂತಿದ್ದಳು. ಅವಳ ಎದುರಿನಿಂದ ಹಾದು, ಮೂತಿ ತಿರುಗಿಸಿ, ಇನ್ನೊಂದು ಸುತ್ತು ಹೊರಟೆವು.